ಒಂದು ಮಾತಿನ ಋಣ

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನಾನು ಹಲವು ದಿನ ಹಿಂದುಮುಂದು ನೋಡಿದೆ. ಶಾಲೆಯ ಏಳಿಗೆ, ದಾನಿಗಳ ಔದಾರ್ಯ, ಹಳೆಯ ವಿದ್ಯಾರ್ಥಿಗಳ ಸಾಧನೆ ಇವುಗಳನ್ನು ಕುರಿತು ನನಗಿಂತ ಚೆನ್ನಾಗಿ ಬರೆಯಬಲ್ಲವರು ಈ ಸಂಚಿಕೆಯಲ್ಲಿಯೇ ಇದ್ದಾರೆ. ಮೂವತ್ತು ವರ್ಷಕ್ಕೂ ಮಿಕ್ಕಿ ಇಂಗ್ಲಿಷ್ ಪಾಠ ಹೇಳಿದ ನನ್ನ ಬಳಿ ಉಳಿದಿರುವುದು ಕೆಲವು ಪದಗಳು ಮತ್ತು ಆ ಪದಗಳಿಗೆ ಅಂಟಿಕೊಂಡ ಕೆಲವು ಮುಖಗಳು ಮಾತ್ರ. ಅವುಗಳಲ್ಲಿ ಒಂದು ಪದ ಸಾವಿನದು. ಸಂಭ್ರಮದ ಹೊತ್ತಗೆಯಲ್ಲಿ ಅಮಂಗಳದ ಮಾತೇಕೆಂದು ವಾಚಕರು ಹುಬ್ಬುಗಂಟಿಕ್ಕಬಹುದು. ಕಡೆಯವರೆಗೆ ಓದಿದರೆ ಮನ್ನಿಸುವರೆಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಅದು 1980ರ ದಶಕದ ಮೊದಲ ವರ್ಷಗಳ ಮಾತು. ಎಂಟನೆಯ ತರಗತಿಯ ಕೊಠಡಿ; ಕಿಟಕಿಯಾಚೆ ತೆಂಗಿನ ತೋಟ. ಪಾಠದಲ್ಲಿ ‘ಡೈ’ ಎಂಬ ಕ್ರಿಯಾಪದ ಬಂದಿತು. ನಮ್ಮ ಮಕ್ಕಳಿಗೆ ಈ ಪದವೊಂದು ತೊಡಕು. ‘ಡೈ’, ‘ಡೆಡ್’, ‘ಡೆತ್’ ಮೂರನ್ನೂ ಕಲಸಿ ಒಬ್ಬ ‘ಹೀ ಈಸ್ ಡೈಡ್’ ಎಂದು ಬರೆದರೆ, ಇನ್ನೊಬ್ಬ ‘ಹೀ ವಾಸ್ ಡೆತ್’ ಎಂದು ಬರೆಯುತ್ತಿದ್ದ. ಮೊದಲನೆಯದು ಕ್ರಿಯೆ, ಎರಡನೆಯದು ವಿಶೇಷಣ, ಮೂರನೆಯದು ನಾಮಪದವೆಂದು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದೆ. ರಾಜನಾಗಲಿ ಕೂಲಿಯವನಾಗಲಿ ಇಂಗ್ಲಿಷಿನಲ್ಲಿ ‘ಡೈಡ್’ ಎಂಬುದೊಂದೇ ರೂಪ, ಬಹುವಚನವಿಲ್ಲ, ಗೌರವವಚನವೂ ಇಲ್ಲ, ಆದ್ದರಿಂದ ಕಲಿಯಲು ಸುಲಭ ಎಂದೂ ಹೇಳಿದೆ. ವ್ಯಾಕರಣದ ಅನುಕೂಲಕ್ಕಾಗಿ ಆಡಿದ ಆ ಮಾತು ನನ್ನ ಬಳಿಗೇ ತಿರುಗಿ ಬಂದೀತೆಂದು ಆಗ ತಿಳಿದಿರಲಿಲ್ಲ.

ಮರುದಿನಕ್ಕೆ ಮನೆಗೆಲಸ ಕೊಟ್ಟೆ: ಸಾವಿಗೆ ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಏನೇನು ಹೇಳುತ್ತಾರೋ ಬರೆದು ತನ್ನಿರಿ. ಮಕ್ಕಳು ತಂದ ರಾಶಿಯನ್ನು ಕಂಡು ಬೆರಗಾದೆ. ತೀರಿಕೊಂಡರು, ಹೋಗಿಬಿಟ್ಟರು, ಕಣ್ಣು ಮುಚ್ಚಿದರು, ಕಾಲವಾದರು, ದೈವಾಧೀನರಾದರು, ಶಿವನ ಪಾದ ಸೇರಿದರು, ಲಿಂಗೈಕ್ಯರಾದರು, ವೈಕುಂಠವಾಸಿಗಳಾದರು. ಹಿಂದಿನ ಬೆಂಚಿನವರು ತಂದದ್ದು ಬೇರೆ ಜಾತಿಯ ಸರಕು: ಗೊಟಕ್ ಅಂದ, ನೆಗೆದುಬಿದ್ದ, ಹೊಗೆ ಹಾಕಿಸಿಕೊಂಡ. ಒಬ್ಬ ಹುಡುಗ ‘ಮಣ್ಣಾಯಿತು’ ಎಂದಷ್ಟೇ ಬರೆದಿದ್ದ. ನಮ್ಮ ಸೀಮೆಯಲ್ಲಿ ಶವಸಂಸ್ಕಾರಕ್ಕೆ ‘ಮಣ್ಣು’ ಎಂದೇ ಹೆಸರು. ಬೆಳಿಗ್ಗೆ ಮಣ್ಣಿಗೆ ಹೋಗಿ ಬಂದೆವೆನ್ನುತ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ಎಷ್ಟೋ ಮನೆತನದವರು ತಮ್ಮ ಹಿರಿಯರನ್ನು ತಮ್ಮದೇ ತೋಟದ ಮೂಲೆಯಲ್ಲಿ ಕೂರಿಸಿ ಮಣ್ಣು ಕೊಟ್ಟಿರುವುದರಿಂದ, ಆ ಮಾತಿಗೆ ಇಲ್ಲಿ ಅರ್ಥ ವಿವರಿಸಬೇಕಾಗಿಲ್ಲ.

ಈ ಪದಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ಕ್ರಮೇಣ ನನಗೊಂದು ಚಟವಾಯಿತು. ‘ಸಾಯು’ ಎಂಬುದು ಬಹು ಹಳೆಯ ದ್ರಾವಿಡ ಮಾತು. ತಮಿಳಿನಲ್ಲಿ, ಮಲಯಾಳದಲ್ಲಿ, ತೆಲುಗಿನಲ್ಲಿ, ತುಳುವಿನಲ್ಲಿ ಅದರ ಒಡಹುಟ್ಟುಗಳಿವೆ. ಆ ಮಾತು ಸಾವಿನೊಡನೆ ಮಾತ್ರ ನಿಂತಿಲ್ಲ. ದುಡಿದು ದುಡಿದು ಸತ್ತೆ ಎನ್ನುತ್ತೇವೆ, ಸತ್ತು ಸುಣ್ಣವಾದೆ ಎನ್ನುತ್ತೇವೆ, ಸತ್ತೆನೋ ಕೆಟ್ಟೆನೋ ಎಂದು ಓಡುತ್ತೇವೆ. ಜ್ವರ ಬಂದವನ ನಾಲಿಗೆ ಸತ್ತಿರುತ್ತದೆ. ಬದುಕಿನ ಬೇಗೆಗೆಲ್ಲ ಒದಗುವ ಈ ಮಾತು ನಿಜವಾಗಿ ಸಾವು ಬಂದಾಗ ಮಾತ್ರ ನಾಲಿಗೆಗೆ ಬರುವುದಿಲ್ಲ. ನಮ್ಮವರು ಸತ್ತರೆ ‘ತೀರಿಕೊಂಡರು’ ಎನ್ನುತ್ತೇವೆ. ತೀರುವುದು ಸಾಲ, ತೀರುವುದು ಋಣ. ಈ ಊರಿನ ಅನ್ನದ ಋಣ, ನೀರಿನ ಋಣ ಇಷ್ಟಿತ್ತು, ಸಲ್ಲಿಸಿ ಹೋದರೆಂಬ ಭಾವ ಅದರಲ್ಲಿದೆ. ‘ಕಾಲವಾದರು’ ಎಂಬಲ್ಲಿ ಮನುಷ್ಯ ಕಾಲದೊಳಗೆ ಕರಗುತ್ತಾನೆ. ‘ದಿವಂಗತ’ನು ಸ್ವರ್ಗಕ್ಕೆ ಹೋದವನು. ‘ಕೀರ್ತಿಶೇಷ’ನು ಕೀರ್ತಿಯೊಂದನ್ನೇ ಉಳಿಸಿಹೋದವನು. ಸಂಸ್ಕೃತದ ಅಮರಕೋಶವು ಮರಣಕ್ಕೆ ಹತ್ತು ಹೆಸರುಗಳನ್ನು ಕೊಡುತ್ತದೆ. ಅವುಗಳಲ್ಲಿ ‘ಪಂಚತಾ’ ಎಂಬುದೊಂದು. ಐದು ಭೂತಗಳಿಂದಾದ ದೇಹ ಮರಳಿ ಐದಾಗುವುದೆಂದು ಅದರ ತಾತ್ಪರ್ಯ.

ಇಷ್ಟು ಪದಗಳೇಕೆ ಬೇಕಾದುವು? ಭಯವೇ ಮೊದಲ ಕಾರಣ. ನಮ್ಮ ತಾಯಂದಿರು ದೀಪ ಆರಿಸೆಂದು ಹೇಳುವುದಿಲ್ಲ, ದೀಪ ದೊಡ್ಡದು ಮಾಡೆನ್ನುತ್ತಾರೆ. ಬಳೆ ಒಡೆಯಿತೆನ್ನದೆ ಬಳೆ ಹೆಚ್ಚಿತೆನ್ನುತ್ತಾರೆ. ಮನೆಯಿಂದ ಹೊರಡುವವನು ‘ಹೋಗುತ್ತೇನೆ’ ಎಂದರೆ ಬಾಗಿಲಲ್ಲಿ ನಿಂತ ಅಜ್ಜಿ ‘ಹೋಗಿ ಬರ್ತೀನಿ ಅನ್ನಪ್ಪ’ ಎಂದು ತಿದ್ದುತ್ತಾಳೆ. ಪಂಡಿತರು ಇದನ್ನು ಶಾಸ್ತ್ರವಾಗಿಯೇ ಹೇಳಿದ್ದಾರೆ. ಕಾವ್ಯದಲ್ಲಿ ಅಶ್ಲೀಲವೆಂಬ ದೋಷ ಮೂರು ಬಗೆ: ನಾಚಿಕೆ ಹುಟ್ಟಿಸುವುದು, ಹೇಸಿಕೆ ಹುಟ್ಟಿಸುವುದು, ಅಮಂಗಳವನ್ನು ಸೂಚಿಸುವುದು. ಸಾವಿನ ನೇರ ಮಾತು ಮೂರನೆಯದಕ್ಕೆ ಸೇರುತ್ತದೆ. ಈ ಭಾರತೀಯ ಕಾವ್ಯಮೀಮಾಂಸೆಯನ್ನು ಕನ್ನಡಿಗರಿಗೆ ತಿಳಿಗನ್ನಡದಲ್ಲಿ ಉಣಬಡಿಸಿದ ಆಚಾರ್ಯ ತೀ. ನಂ. ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರೆಂಬುದು (ಜನನ 1906) ನಮ್ಮ ಸೀಮೆಗೆ ಹೆಮ್ಮೆಯ ಸಂಗತಿ.

ಇಂಗ್ಲಿಷರಿಗೂ ಈ ಭಯ ಇಲ್ಲದಿಲ್ಲ. ಅವರಲ್ಲಿಯೂ ಜನ ‘ಪಾಸ್ ಅವೇ’ ಆಗುತ್ತಾರೆ, ಬಕೆಟ್ಟನ್ನು ಒದೆಯುತ್ತಾರೆ. ಅವರ ಮಾತುಗಳನ್ನು ಎರವಲು ತಂದ ನಾವು ಅವುಗಳಿಗೆ ಬೇರೆಯೇ ಬಾಳು ಕೊಟ್ಟಿದ್ದೇವೆ. ಔಷಧದ ಸೀಸೆಯೂ ‘ಎಕ್ಸ್‌ಪೈರ್’ ಆಗುತ್ತದೆ, ಆಸ್ಪತ್ರೆಯಲ್ಲಿ ಮನುಷ್ಯನೂ ‘ಎಕ್ಸ್‌ಪೈರ್’ ಆಗುತ್ತಾನೆ. ದಾಖಲಾತಿ ಪುಸ್ತಕದಲ್ಲಿ ತೀರಿಕೊಂಡ ತಂದೆಯ ಹೆಸರಿನ ಹಿಂದೆ ‘ಲೇಟ್’ ಎಂದು ಬರೆಯುತ್ತೇವೆ. ಅದನ್ನು ಓದಿದ ಮಕ್ಕಳು ಆತ ಎಲ್ಲಿಗೆ ತಡವಾಗಿ ಬಂದನೆಂದು ಕೇಳುತ್ತಾರೆ. ಪ್ರತಿಯೊಂದು ಶಾಲೆಯ ಕಚೇರಿಯಲ್ಲಿಯೂ ‘ಡೆಡ್ ಸ್ಟಾಕ್ ರಿಜಿಸ್ಟರ್’ ಇರುತ್ತದೆ. ಬೆಂಚು, ಮೇಜು, ಭೂಪಟ, ಗೋಳ ಎಲ್ಲವೂ ಅದರಲ್ಲಿ ಸತ್ತ ದಾಸ್ತಾನು. ಆದರೆ ಒಂದೊಂದು ಬೆಂಚಿಗೂ ಅಲ್ಲಿ ಒಂದು ಕ್ರಮಸಂಖ್ಯೆಯಿದೆ, ಬಂದ ದಿನಾಂಕವಿದೆ, ಬೆಲೆಯಿದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಮಕ್ಕಳು ಪದಗಳ ಪಟ್ಟಿ ತಂದ ಕೆಲವು ವಾರಗಳಲ್ಲಿ ನಮ್ಮ ಶಾಲೆಗೆ ಸಂಬಂಧಿಸಿದ ಎರಡು ಸಾವುಗಳು ಸಂಭವಿಸಿದುವು. ಮೊದಲು ಹೋದವರು ಕೊಬ್ಬರಿ ಮಂಡಿಯ ವರ್ತಕರೊಬ್ಬರು. ಶಾಲೆಯ ಎರಡು ಕೊಠಡಿಗಳು ಅವರ ಹಣದಿಂದ ಎದ್ದಿದ್ದುವು. ತಾವು ಕೊಟ್ಟದ್ದನ್ನು ಎಂದೂ ಬಾಯಿಬಿಟ್ಟು ಹೇಳದ ದೊಡ್ಡ ಮನುಷ್ಯರು. ಸೂಚನಾ ಫಲಕದ ಬರಹ ಆಗ ನನ್ನ ಪಾಲಿಗೆ ಬಂದಿದ್ದ ಕೆಲಸ. ‘ನಮ್ಮ ಸಂಸ್ಥೆಯ ಪೋಷಕರೂ ಮಹಾದಾನಿಗಳೂ ಆದ ಶ್ರೀಮಾನ್’ ಎಂದು ಆರಂಭಿಸಿ ಅವರ ಹೆಸರು, ಮನೆತನ, ಊರುಗಳನ್ನು ಬರೆದು, ‘ಲಿಂಗೈಕ್ಯರಾದರೆಂದು ತಿಳಿಸಲು ವಿಷಾದಿಸುತ್ತೇವೆ’ ಎಂದು ಮುಗಿಸಿದೆ. ಪ್ರಾರ್ಥನೆಯ ವೇಳೆ ಮೌನಾಚರಣೆ ನಡೆಯಿತು. ಶಾಲೆಗೆ ರಜೆ ಕೊಡಲಾಯಿತು. ಅದೆಲ್ಲವೂ ಅವರಿಗೆ ಸಲ್ಲತಕ್ಕದ್ದೇ ಆಗಿತ್ತು.

ಹತ್ತು ಹನ್ನೆರಡು ದಿನ ಕಳೆದಿರಬಹುದು. ತೋಟದಲ್ಲಿ ಕಾಯಿ ಕೀಳುತ್ತಿದ್ದ ಆಳೊಬ್ಬ ಮರದಿಂದ ಬಿದ್ದುಹೋದ. ಪ್ರಸಾದ ನಿಲಯದ ಅಡುಗೆಗೆ ವರ್ಷವಿಡೀ ಬರುತ್ತಿದ್ದ ಕಾಯಿಗಳಲ್ಲಿ ಹೆಚ್ಚಿನವು ಆತನ ಕೈಯಿಂದಲೇ ನೆಲಕ್ಕಿಳಿದವು. ಆತ ನಮ್ಮ ಸಮಾಜದವನಲ್ಲ. ಓದುಬರಹ ಬಲ್ಲವನೂ ಅಲ್ಲ. ಅವನ ಮಗ ನಮ್ಮ ಎಂಟನೆಯ ತರಗತಿಯಲ್ಲಿದ್ದ. ಹುಡುಗನಿಗೆ ಸಹಾಯಧನ ಕೂಡಿಸಬೇಕೆಂದು ನಾವು ಕೆಲವು ಉಪಾಧ್ಯಾಯರು ಮಾತನಾಡಿಕೊಂಡೆವು. ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂಬ ಉತ್ಸಾಹದಲ್ಲಿ ನಾನು ಫಲಕದ ಮೇಲೆ ಬರೆದೆ: ‘ತೋಟದ ಆಳು ಮರದಿಂದ ಬಿದ್ದು ಸತ್ತಿರುತ್ತಾನೆ. ಅವನ ಮಗನು ನಮ್ಮ ಶಾಲೆಯ ವಿದ್ಯಾರ್ಥಿಯಾಗಿದ್ದು, ಎಲ್ಲರೂ ಶಕ್ತ್ಯನುಸಾರ ಸಹಾಯ ಮಾಡತಕ್ಕದ್ದು.’

ಹುಡುಗ ಶಾಲೆಗೆ ಮರಳಿದ ದಿನ ಮಧ್ಯಾಹ್ನ ಫಲಕದ ಮುಂದೆ ಒಬ್ಬನೇ ನಿಂತಿದ್ದ. ನಾನು ಆ ಕಡೆ ಹಾದುಹೋಗುವಾಗ ಹತ್ತಿರ ಬಂದು ತಲೆ ತಗ್ಗಿಸಿ ಕೇಳಿದ: “ಸಾರ್, ಇಂಗ್ಲಿಷ್‌ನಲ್ಲಿ ಬರೆದಿದ್ರೆ ನಮ್ಮಪ್ಪಂಗೂ ಸಾಹುಕಾರ್ರಿಗೂ ಒಂದೇ ‘ಡೈಡ್’ ಅಲ್ವಾ ಸಾರ್?”

“ಹೌದಪ್ಪ,” ಎಂದೆ.

“ಹಂಗಾದ್ರೆ ಇಂಗ್ಲಿಷ್‌ನಲ್ಲೇ ಬರೀರಿ ಸಾರ್.”

ಇಷ್ಟು ಹೇಳಿ ಅವನು ತರಗತಿಗೆ ಹೋದ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ದೂರಿರಲಿಲ್ಲ. ನಾನು ಕಲಿಸಿದ ಪಾಠವನ್ನು ಅವನು ಚೆನ್ನಾಗಿ ಕಲಿತಿದ್ದ, ಅಷ್ಟೆ. ಫಲಕದ ಮುಂದೆ ನಿಂತು ನನ್ನ ಬರಹವನ್ನು ನಾನೇ ಓದಿದೆ. ‘ಸತ್ತಿರುತ್ತಾನೆ’ ಎಂಬ ಏಕವಚನ ಒಂದು ಕಡೆ ಇರಲಿ. ಆ ಮನುಷ್ಯನ ಹೆಸರನ್ನೇ ನಾನು ಬರೆದಿರಲಿಲ್ಲ. ವರ್ಷಗಟ್ಟಲೆ ನೋಡಿದ್ದರೂ ಅವನ ಪೂರ್ತಿ ಹೆಸರು ನನಗೆ ತಿಳಿದೇ ಇರಲಿಲ್ಲ. ನಮ್ಮ ಡೆಡ್ ಸ್ಟಾಕ್ ರಿಜಿಸ್ಟರಿನ ಮುರುಕು ಬೆಂಚಿಗೆ ದೊರೆತಷ್ಟು ವಿವರ ಆ ಜೀವಕ್ಕೆ ನನ್ನ ಕೈಯಿಂದ ದೊರೆತಿರಲಿಲ್ಲ.

ಅಂದು ಸಂಜೆ ನಮ್ಮ ಕನ್ನಡ ಪಂಡಿತರ ಮನೆಗೆ ಹೋದೆ. ನಡೆದುದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡೆ. ಆತನಿಗೂ ‘ಲಿಂಗೈಕ್ಯ’ ಎಂದು ಬರೆಯಬಹುದಿತ್ತೇ ಎಂದು ಕೇಳಿದೆ. ಪಂಡಿತರು ಬಹಳ ಹೊತ್ತು ಸುಮ್ಮನಿದ್ದು, “ನೋಡಿ ಸ್ವಾಮಿ, ಆ ಮಾತನ್ನು ನಾವು ಮೊದಲೇ ಅಗ್ಗ ಮಾಡಿಬಿಟ್ಟಿದ್ದೇವೆ” ಎಂದರು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಲ್ಲಿ ಐಕ್ಯವು ಕಡೆಯದು. ಅದು ಬದುಕಿರುವಾಗಲೇ ಸಾಧಿಸಬೇಕಾದ ನೆಲೆ. ಉಸಿರು ನಿಂತ ಮಾತ್ರಕ್ಕೆ ತಾನಾಗಿ ಬರುವ ಬಿರುದಲ್ಲ. ನಮ್ಮ ಜಿಲ್ಲೆಯ ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ ‘ತೋಂಟದ’ ಎಂಬ ಹೆಸರು ಪಡೆದ ಸಿದ್ಧಲಿಂಗ ಯತಿಗಳು ಎಡೆಯೂರಿನಲ್ಲಿ ಸಮಾಧಿಸ್ಥರಾದರು. ‘ಷಟ್‌ಸ್ಥಲ ಜ್ಞಾನಸಾರಾಮೃತ’ವೆಂಬ ಅವರ 701 ವಚನಗಳ ಹೊತ್ತಗೆ ಈ ಆರು ಮೆಟ್ಟಿಲುಗಳನ್ನೇ ವಿವರಿಸುತ್ತದೆ. ಅಂಥ ಮಾತನ್ನು ನಾವು ಮನೆತನ ನೋಡಿ, ಜಾತಿ ನೋಡಿ ಹಂಚುತ್ತಿದ್ದೇವೆ. ಮೇಲುಕೀಳನ್ನು ಅಳಿಸಲು ಶರಣರು ತಂದ ಮಾತೇ ಮೇಲುಕೀಳಿನ ಗುರುತಾಗಿಬಿಟ್ಟಿದೆ. ಪಂಡಿತರ ವಿವರಣೆಯ ಸಾರ ಇದು.

ಹಾಗಾದರೆ ಸತ್ತನೆಂಬ ಮಾತೇ ಕೀಳೇ ಎಂದು ಕೇಳಿದೆ. ಅವರು ಶಾಸನಗಳ ಕಡೆ ತಿರುಗಿದರು. ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟ ನಮ್ಮ ತುಮಕೂರು ಜಿಲ್ಲೆಯ ಶಾಸನಗಳದು. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ದನಗಳನ್ನು ಕಳ್ಳರಿಂದ ಬಿಡಿಸಲು, ಊರನ್ನು ಉಳಿಸಲು ಹೋರಾಡಿದವನು ‘ಕಾದಿ ಸತ್ತನ್’ ಎಂದು ಕೆತ್ತಿದ್ದಾರೆ. ಅಲ್ಲಿ ಆ ಮಾತಿಗೆ ಯಾವ ಕುಂದೂ ಇಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ 10ನೆಯ ಶತಮಾನದ ಕಲ್ಲು ಕಾಡುಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ಬೇಟೆನಾಯಿಯನ್ನು ಹೆಸರು ಹೇಳಿ ನೆನೆಯುತ್ತದೆ. “ಒಂದು ನಾಯಿಯ ಹೆಸರನ್ನು ಸಾವಿರ ವರ್ಷ ಉಳಿಸಿದ ಭಾಷೆ ಇದು ಸ್ವಾಮಿ,” ಎಂದು ಪಂಡಿತರು ನಕ್ಕರು. ಆ ನಗೆ ನನಗೆ ಚುಚ್ಚಿತು. ಭಾಷೆ ಬಡವಾಗಿರಲಿಲ್ಲ, ಬರೆದವನ ಮನಸ್ಸು ಬಡವಾಗಿತ್ತು.

ಕಡೆಗೆ ಯಾವ ಮಾತು ಬರೆಯಬೇಕೆಂದು ಇಬ್ಬರೂ ಯೋಚಿಸಿದೆವು. ಕೈಲಾಸ, ವೈಕುಂಠ, ಸ್ವರ್ಗ ಎನ್ನುವ ಮಾತುಗಳೆಲ್ಲ ಹೋದವರು ಎಲ್ಲಿಗೆ ಹೋದರೆಂದು ಹೇಳುತ್ತವೆ. ಅದನ್ನು ಕಂಡವರು ನಾವಲ್ಲ. ಹೋದ ಮೇಲೆ ಇಲ್ಲಿ ಏನಾಯಿತೆಂದು ಹೇಳುವ ಮಾತೊಂದು ಕನ್ನಡದಲ್ಲಿದೆ: ‘ನಮ್ಮನ್ನು ಅಗಲಿದರು.’ ಇದರಲ್ಲಿ ಹೋದವರ ಜಾತಿಯಿಲ್ಲ, ಆಸ್ತಿಯಿಲ್ಲ, ಪದವಿಯಿಲ್ಲ. ಇರುವುದು ‘ನಾವು’ ಮತ್ತು ನಮ್ಮ ನಷ್ಟ. ಆದರೆ ಈ ಮಾತು ಬರೆಯುವವನ ಮೇಲೆ ಒಂದು ಹೊಣೆ ಹೊರಿಸುತ್ತದೆ. ಅಗಲಿಕೆಯೆಂದು ಬರೆಯಬೇಕಾದರೆ ಮೊದಲು ಒಡನಾಟವಿದ್ದಿರಬೇಕು. ಹೆಸರೇ ತಿಳಿಯದವನು ನಮ್ಮನ್ನು ಅಗಲುವುದು ಹೇಗೆ?

ಮರುದಿನ ಬೆಳಿಗ್ಗೆ ದಾಖಲಾತಿ ಪುಸ್ತಕ ತೆಗೆದು ತಂದೆಯ ಕಾಲಂನಲ್ಲಿ ಆತನ ಹೆಸರನ್ನು ನೋಡಿಕೊಂಡೆ. ಫಲಕವನ್ನು ಅಳಿಸಿ, ಆ ಹೆಸರಿನ ಹಿಂದೆ ‘ಶ್ರೀ’ ಎಂದು ಬರೆದು, ಪ್ರಸಾದ ನಿಲಯದ ಮಕ್ಕಳ ಅನ್ನಕ್ಕೆ ಅವರ ಶ್ರಮವೂ ಸೇರಿತ್ತೆಂದು ಒಂದು ವಾಕ್ಯ ಸೇರಿಸಿ, ‘ನಮ್ಮನ್ನು ಅಗಲಿದರು’ ಎಂದು ಮುಗಿಸಿದೆ. ಪ್ರಾರ್ಥನೆಯಲ್ಲಿ ಮೌನಾಚರಣೆ ಆಯಿತು. ರಜೆ ಕೊಡಿಸಲು ನನ್ನಿಂದಾಗಲಿಲ್ಲ. ಕೇಳುವ ಧೈರ್ಯವನ್ನೂ ಮಾಡಲಿಲ್ಲವೆಂದು ಒಪ್ಪಿಕೊಳ್ಳಬೇಕು. ಹುಡುಗ ಫಲಕವನ್ನು ಓದಿದ. ನನಗೆ ಏನೂ ಹೇಳಲಿಲ್ಲ. ಅಂದಿನ ತರಗತಿಯಲ್ಲಿ ಎಂದಿನಂತೆ ಪ್ರಶ್ನೆಗೆ ಕೈಯೆತ್ತಿದ.

ಆಮೇಲೆ ಎಷ್ಟೋ ಸಾವುಗಳನ್ನು ಕಂಡೆ. ನನ್ನ ತಾಯಿ ತೊಂಬತ್ತು ದಾಟಿದ ಮೇಲೆ, “ಅಟ್ಟದ ಮೇಲಿನ ಕಾಯಪ್ಪ ನಾನು, ನೀರೆಲ್ಲ ಇಂಗಿಹೋಗಿದೆ” ಎನ್ನುತ್ತಿದ್ದರು. ನಮ್ಮ ಕಡೆಯವರಿಗೆ ಆ ಮಾತು ಒಡನೆಯೇ ಅರ್ಥವಾಗುತ್ತದೆ. ಕಾಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಸದ್ದು ಮಾಡುತ್ತದೆ. ಯಾರೂ ಕೀಳಬೇಕಾಗಿಲ್ಲ, ಕೊಬ್ಬರಿ ತಾನೇ ಕಳಚಿಕೊಂಡಿರುತ್ತದೆ. ಮಾಗಿದ ಸಾವಿಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಯಾವ ನಿಘಂಟಿನಲ್ಲಿಯೂ ಕಂಡಿಲ್ಲ. ಆದರೆ ಎಲ್ಲರಿಗೂ ಮಾಗುವ ಭಾಗ್ಯವಿಲ್ಲ. ಮರದಿಂದ ಬಿದ್ದವರದು ಎಳೆಗಾಯಿಯಲ್ಲೇ ಉದುರಿದ ಬಾಳು. ಆ ಎರಡು ಸಾವುಗಳನ್ನು ಒಂದೇ ಎಂದು ಸಾಧಿಸಲು ನಾನು ಹೊರಟಿಲ್ಲ. ಎರಡಕ್ಕೂ ಸಲ್ಲಬೇಕಾದ ಮರ್ಯಾದೆ ಒಂದೇ ಎಂಬುದಷ್ಟೇ ನನ್ನ ಮಾತು.

2019ರ ಜನವರಿ 21ರಂದು ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ, ಮಕ್ಕಳ ಊಟವಾದ ಮೇಲೆಯೇ ತಮ್ಮ ಸುದ್ದಿಯನ್ನು ತಿಳಿಸಬೇಕೆಂದು ಅವರು ಮೊದಲೇ ಹೇಳಿದ್ದರೆಂದು ಪತ್ರಿಕೆಗಳು ವರದಿ ಮಾಡಿದುವು. ಅದನ್ನು ಓದಿದಾಗ ಪಂಡಿತರ ಮಾತು ನೆನಪಾಯಿತು. ಐಕ್ಯವೆಂಬುದು ಬದುಕಿರುವಾಗಲೇ ಸಾಧಿಸುವ ನೆಲೆಯೆಂದರೆ ಇದೇ ಇರಬೇಕು. ತನ್ನ ಸಾವಿಗಿಂತ ಪರರ ಹಸಿವು ದೊಡ್ಡದೆಂದು ಕಂಡ ಮನಸ್ಸಿಗೆ ಆ ಮಾತು ಒಪ್ಪುತ್ತದೆ. ಶರಣರ ಗುಣವನ್ನು ಮರಣದಲ್ಲಿ ಕಾಣು ಎಂಬ ಗಾದೆ ಸುಳ್ಳಲ್ಲ.

ಈ ಸಂಚಿಕೆಯ ಕಡೆಯಲ್ಲಿ, ವಾಡಿಕೆಯಂತೆ, ಸಂಸ್ಥೆಗೆ ಸಂಬಂಧಿಸಿದ ಅಗಲಿದವರ ಹೆಸರುಗಳ ಪುಟವೊಂದಿರುತ್ತದೆ. ಸಂಪಾದಕರಲ್ಲಿ ನನ್ನದೊಂದು ವಿನಂತಿ. ಆ ಪುಟದಲ್ಲಿ ದಾನಿಗಳಿಗೆ ಒಂದು ಮಾತು, ಉಪಾಧ್ಯಾಯರಿಗೆ ಒಂದು ಮಾತು, ಅಡುಗೆಯವರಿಗೆ, ಜವಾನರಿಗೆ, ತೋಟದವರಿಗೆ ಮತ್ತೊಂದು ಮಾತು ಬೇಡ. ಎಲ್ಲರ ಹೆಸರುಗಳೂ ಪೂರ್ತಿಯಾಗಿ ಇರಲಿ, ತಲೆಬರಹ ಒಂದೇ ಇರಲಿ. ತಿಳಿಯದ ಹೆಸರುಗಳಿದ್ದರೆ ಅಚ್ಚಿಗೆ ಹೋಗುವ ಮುನ್ನ ಅವರ ಮನೆಗಳಿಗೆ ಹೋಗಿ ಕೇಳೋಣ. ಓಡಾಡುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ. ದೊಡ್ಡ ದಾನಿಗಳ ಮನೆಯವರು ಇದಕ್ಕೆ ಬೇಸರಿಸಲಾರರು. ಕೊಟ್ಟದ್ದನ್ನು ಹೇಳಿಕೊಳ್ಳದ ಆ ಹಿರಿಯರು ಇಂದು ಇದ್ದಿದ್ದರೆ ಈ ಮಾತನ್ನು ನನಗಿಂತ ಮೊದಲು ತಾವೇ ಆಡುತ್ತಿದ್ದರೆಂದು ನನ್ನ ಭಾವನೆ.

ಆ ಹುಡುಗ ಹತ್ತನೆಯ ತರಗತಿ ಮುಗಿಸಿ ಊರು ಬಿಟ್ಟ. ಈಗ ಎಲ್ಲಿದ್ದಾನೆಂದು ನನಗೆ ತಿಳಿಯದು. ಅವನಿಗೂ ಈಗ ತಲೆ ನರೆತಿರಬೇಕು. ಈ ಸಂಚಿಕೆ ಹಳೆಯ ವಿದ್ಯಾರ್ಥಿಗಳ ಕೈಯಿಂದ ಕೈಗೆ ಸಾಗಿ ಅವನನ್ನು ಮುಟ್ಟಿದರೆ, ಅವನು ಕಡೆಯ ಪುಟವನ್ನು ಮೊದಲು ತೆರೆಯಲಿ. ಅಲ್ಲಿ ಅವನ ತಂದೆಯವರ ಹೆಸರು ಕನ್ನಡದಲ್ಲಿಯೇ ಇರಬೇಕೆಂಬುದು ನನ್ನ ಆಸೆ. ಅಷ್ಟಾದರೆ ನನ್ನ ಋಣದಲ್ಲಿ ಒಂದಿಷ್ಟು ತೀರಿತೆಂದು ತಿಳಿಯುತ್ತೇನೆ.